ಗಣಿತ ಮಾದರಿಗಳ ಬೋಧನೆಗೆ ಮುಕ್ತ ತಂತ್ರಾಂಶ: ಆಯ್ಕೆಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಳೆಗಾಲ ಆರಂಭವಾಯಿತೆಂದರೆ ಮಲೆನಾಡಿನ ಓದುಗರು ಪತ್ರಿಕೆಯಲ್ಲಿ ಹುಡುಕುವ ಮೊದಲ ಅಂಕಿ ಭದ್ರಾ ಜಲಾಶಯದ ನೀರಿನ ಮಟ್ಟ. ಗರಿಷ್ಠ ಮಟ್ಟ 186 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ನಾಲ್ಕು ಸಾಲಿನ ಈ ವರದಿಯಲ್ಲಿ ಪದವಿ ತರಗತಿಯ ಒಂದು ತಿಂಗಳ ಗಣಿತ ಪಾಠವೇ ಅಡಗಿದೆ. ಇಂದಿನ ಸಂಗ್ರಹಕ್ಕೆ ಒಳಹರಿವನ್ನು ಕೂಡಿಸಿ ಹೊರಹರಿವನ್ನು ಕಳೆದರೆ ನಾಳಿನ ಸಂಗ್ರಹ ದೊರೆಯುತ್ತದೆ. ಹೀಗೆ ಹೊರಗಿನ ಲೋಕದ ಒಂದು ವಿದ್ಯಮಾನವನ್ನು ಸಮೀಕರಣವಾಗಿ ಬರೆದು, ಅದರಿಂದ ಉತ್ತರ ಪಡೆದು, ಆ ಉತ್ತರವನ್ನು ಮತ್ತೆ ಹೊರಗಿನ ಲೋಕದೊಡನೆ ತಾಳೆ ನೋಡುವ ಕ್ರಿಯೆಗೆ ಗಣಿತ ಮಾದರಿ ರಚನೆ ಎಂದು ಹೆಸರು.

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಪದವಿ ಕಾಲೇಜುಗಳು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರುತ್ತವೆ. (ವಿಶ್ವವಿದ್ಯಾನಿಲಯಕ್ಕೆ ಹೆಸರು ಕೊಟ್ಟ ಕವಿ ಜನಿಸಿದ್ದೂ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿಯೇ.) ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಬಿ.ಎಸ್ಸಿ. ಮಾದರಿ ಪಠ್ಯಕ್ರಮವು ಗಣಿತದ ಪ್ರಾಯೋಗಿಕ ತರಗತಿಗಳನ್ನು ಮುಕ್ತ ತಂತ್ರಾಂಶಗಳ ಮೂಲಕ ನಡೆಸಬೇಕೆಂದು ಸೂಚಿಸಿತ್ತು. 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು 2022ರ ಯೋಜನೆಯಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ ಗಣಿತಕ್ಕೆ ಪ್ರಯೋಗಾಲಯವನ್ನು ಜೋಡಿಸಿ, ಸೂಚಿತ ತಂತ್ರಾಂಶಗಳ ಪಟ್ಟಿಯಲ್ಲಿ ಪೈಥಾನ್ ಮತ್ತು ಸೈಲ್ಯಾಬ್‌ಗಳನ್ನೂ ಸೇರಿಸಿತು. ಪಠ್ಯಕ್ರಮಗಳು ಬದಲಾಗುತ್ತಿವೆಯಾದರೂ ಗಣಿತ ಅಧ್ಯಾಪಕರು ಗಣಕಯಂತ್ರದ ಮುಂದೆ ನಿಂತು ಪಾಠ ಮಾಡಬೇಕಾದ ಕಾಲ ಬಂದಿರುವುದಂತೂ ದಿಟ. ಆಗ ಎದುರಾಗುವ ಮೊದಲ ಪ್ರಶ್ನೆ, ಯಾವ ತಂತ್ರಾಂಶ?

ಈ ಪ್ರಶ್ನೆಯನ್ನು ಸಾಮಾನ್ಯವಾಗಿ ತಲೆಕೆಳಗಾಗಿ ಕೇಳಲಾಗುತ್ತದೆ. ಯಾವ ತಂತ್ರಾಂಶ ಹೆಚ್ಚು ಶಕ್ತಿಶಾಲಿ, ಯಾವುದು ಉದ್ಯೋಗಕ್ಕೆ ನೆರವಾದೀತು ಎಂಬ ವಿಚಾರಣೆಯೇ ಮೊದಲಾಗಿ, ವಿದ್ಯಾರ್ಥಿ ಯಾವ ಮಾದರಿಯನ್ನು ಕಟ್ಟಬೇಕು ಎಂಬುದು ಕೊನೆಗೆ ಉಳಿಯುತ್ತದೆ. ಮಾದರಿಯನ್ನು ಮೊದಲು ಇಟ್ಟುಕೊಂಡು ನೋಡಿದರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ. ಈ ಮೂರು ತಾಲ್ಲೂಕುಗಳಲ್ಲಿಯೇ ದೊರೆಯುವ ಮೂರು ಉದಾಹರಣೆಗಳ ಮೂಲಕ ಅದನ್ನು ಪರಿಶೀಲಿಸಬಹುದು.

ಉಚಿತವೂ ಮುಕ್ತವೂ

ಅದಕ್ಕೂ ಮುನ್ನ ಪದಗಳ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಒಂದೇ ಪದ ಎರಡು ಅರ್ಥಗಳನ್ನು ಹೊತ್ತು ಗೊಂದಲ ಹುಟ್ಟಿಸುತ್ತದೆ. ಕನ್ನಡಕ್ಕೆ ಆ ತೊಂದರೆಯಿಲ್ಲ. ಹಣ ಕೊಡದೆ ದೊರೆಯುವುದು ಉಚಿತ. ಬಳಸಲು, ಒಳಗನ್ನು ನೋಡಲು, ತಿದ್ದಲು, ಇತರರಿಗೆ ಹಂಚಲು ಪರವಾನಗಿ ಇರುವುದು ಮುಕ್ತ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಾಗ ಅವರ ಮನಸ್ಸಿನಲ್ಲಿದ್ದುದು ಎರಡನೆಯದು.

ಅಧ್ಯಾಪಕರಿಗೆ ಇವೆರಡರಲ್ಲಿ ಮುಖ್ಯವಾದುದು ಹಂಚುವ ಹಕ್ಕು. ಮ್ಯಾಟ್‌ಲ್ಯಾಬ್‌ನಂಥ ವಾಣಿಜ್ಯ ತಂತ್ರಾಂಶದ ಕಳ್ಳಪ್ರತಿಯನ್ನು ಪೆನ್ ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟಿಸುವ ಪರಿಪಾಠ ನಮ್ಮ ಕಾಲೇಜುಗಳಿಗೆ ಹೊಸತಲ್ಲ. ಅದು ಕಾನೂನಿಗೆ ವಿರುದ್ಧವೆಂಬುದು ಒಂದು ದೋಷ. ಅದಕ್ಕಿಂತ ದೊಡ್ಡ ದೋಷವೆಂದರೆ, ಹಾಗೆ ಕಲಿತ ವಿದ್ಯಾರ್ಥಿ ಪದವಿ ಮುಗಿಸಿ ಊರಿನ ಶಾಲೆಯಲ್ಲಿ ಅಧ್ಯಾಪಕನಾದಾಗ ಆತನ ಕೈಯಲ್ಲಿ ನ್ಯಾಯವಾಗಿ ಬಳಸಬಹುದಾದ ಒಂದು ಸಾಧನವೂ ಇರುವುದಿಲ್ಲ. ಮುಕ್ತ ತಂತ್ರಾಂಶವನ್ನಾದರೋ ಪ್ರಯೋಗಾಲಯದಿಂದ ಮನೆಗೂ, ಮನೆಯಿಂದ ಮುಂದಿನ ಕೆಲಸದ ಸ್ಥಳಕ್ಕೂ ಯಾರ ಅಪ್ಪಣೆಯೂ ಇಲ್ಲದೆ ಒಯ್ಯಬಹುದು.

ಒಂದು ಎಚ್ಚರಿಕೆ ಅಗತ್ಯ. ಉಚಿತವಾಗಿ ದೊರೆಯುವುದೆಲ್ಲವೂ ಪೂರ್ಣ ಮುಕ್ತವಲ್ಲ. ಮುಂದೆ ಪ್ರಸ್ತಾಪಿಸುವ ಜಿಯೋಜೀಬ್ರಾ ಶಾಲಾ ಕಾಲೇಜುಗಳ ಬಳಕೆಗೆ ಉಚಿತ. ಆದರೆ ಅದನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಲು ಪ್ರತ್ಯೇಕ ಒಪ್ಪಿಗೆ ಬೇಕು. ಟ್ಯೂಷನ್ ಕೇಂದ್ರಗಳನ್ನು ನಡೆಸುವವರು ಇದನ್ನು ಗಮನಿಸುವುದು ಒಳ್ಳೆಯದು.

ಮೊದಲ ಮಾದರಿ: ಲಕ್ಕವಳ್ಳಿಯ ನೀರು

ಭದ್ರೆ ಬಾಳೆಹೊನ್ನೂರನ್ನು ದಾಟಿ ಲಕ್ಕವಳ್ಳಿಯ ಅಣೆಕಟ್ಟೆಯತ್ತ ಸಾಗುತ್ತಾಳೆ. ಜಲಾಶಯದ ಹಿನ್ನೀರು ನರಸಿಂಹರಾಜಪುರದವರೆಗೂ ಹರಡಿಕೊಂಡಿದೆ. ಸಂಗ್ರಹ ಸಾಮರ್ಥ್ಯ ಸುಮಾರು 71.5 ಟಿಎಂಸಿ ಅಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಹರಿವು ದಿನವಿಡೀ ನಿಲ್ಲದೆ ಹರಿದರೆ 86,400 ಘನ ಅಡಿಯಾಗುತ್ತದೆ. ಆದುದರಿಂದ 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಒಳಹರಿವು 20,000 ಕ್ಯೂಸೆಕ್, ಹೊರಹರಿವು 3,000 ಕ್ಯೂಸೆಕ್ ಇರುವ ಒಂದು ದಿನದಲ್ಲಿ ಜಲಾಶಯಕ್ಕೆ ಸೇರುವುದು ಸುಮಾರು 1.47 ಟಿಎಂಸಿ. ಇಷ್ಟು ಲೆಕ್ಕಕ್ಕೆ ಗಣಕಯಂತ್ರವೂ ಬೇಕಿಲ್ಲ.

ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನೂರೈವತ್ತು ದಿನಗಳ ಅಂಕಿಗಳನ್ನು ಪತ್ರಿಕೆಯಿಂದ ಬರೆದುಕೊಂಡು ಸಾಲಾಗಿ ಇಟ್ಟರೆ ಸ್ಪ್ರೆಡ್‌ಶೀಟ್ ಬೇಕೆನಿಸುತ್ತದೆ. ಇಲ್ಲಿಗೆ ಲಿಬ್ರೆ ಆಫೀಸಿನ ಕ್ಯಾಲ್ಕ್ ಧಾರಾಳವಾಗಿ ಸಾಕು. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಲಿಬ್ರೆ ಆಫೀಸ್ ಕನ್ನಡ ಪರದೆಯೊಂದಿಗೂ ದೊರೆಯುತ್ತದೆ. ಗಣಿತದ ಪ್ರಾಯೋಗಿಕಕ್ಕೆ ಸ್ಪ್ರೆಡ್‌ಶೀಟ್ ಎಂದರೆ ಹುಬ್ಬೇರಿಸುವ ಅಧ್ಯಾಪಕರಿದ್ದಾರೆ. ಈ ತಾತ್ಸಾರ ಸರಿಯಲ್ಲ. ಇಂದಿನ ಮನೆಯಲ್ಲಿರುವ ಅಂಕಿಯಿಂದ ನಾಳಿನ ಮನೆಯ ಅಂಕಿ ಹುಟ್ಟುವುದನ್ನು ವಿದ್ಯಾರ್ಥಿ ತನ್ನ ಕಣ್ಣಾರೆ ನೋಡುವುದು ಅಲ್ಲಿ ಮಾತ್ರ. ವ್ಯತ್ಯಾಸ ಸಮೀಕರಣ ಎಂಬ ದೊಡ್ಡ ಹೆಸರನ್ನು ಆಮೇಲೆ ಹೇಳಿದರೂ ನಡೆಯುತ್ತದೆ.

ಮಾದರಿಯ ರುಚಿ ತಿಳಿಯುವುದು ಮುಂದಿನ ಹೆಜ್ಜೆಯಲ್ಲಿ. ಸಂಗ್ರಹ ಎಷ್ಟು ಏರಿತೆಂದು ತಿಳಿಯಿತು. ಹಾಗಾದರೆ ಮಟ್ಟ ಎಷ್ಟು ಅಡಿ ಏರುತ್ತದೆ? 71.5ನ್ನು 186ರಿಂದ ಭಾಗಿಸಿ ಅಡಿಗೆ ಇಷ್ಟು ಎಂದು ಬಿಡುವ ವಿದ್ಯಾರ್ಥಿಗಳೇ ಹೆಚ್ಚು. ಆ ಲೆಕ್ಕದಲ್ಲಿ ಅಡಿಗೆ 0.38 ಟಿಎಂಸಿ ಬರುತ್ತದೆ. ಜಲಾಶಯವು ಗೋಡೆ ನೆಟ್ಟಗಿರುವ ತೊಟ್ಟಿಯಲ್ಲ. ಮೇಲೆ ಹೋದಂತೆ ಕಣಿವೆ ಅಗಲವಾಗುತ್ತದೆ, ನೀರು ಹಳ್ಳಗಳೊಳಕ್ಕೆ ನುಗ್ಗುತ್ತದೆ. ತಲೆಕೆಳಗಾದ ಶಂಕುವಿನಾಕಾರದ ಒಂದು ಕಾಲ್ಪನಿಕ ಪಾತ್ರೆಯನ್ನು ಊಹಿಸಿಕೊಂಡರೆ ಗಾತ್ರವು ಎತ್ತರದ ಘನಕ್ಕೆ ಅನುಗುಣವಾಗಿರುತ್ತದೆ. ಅರ್ಧ ಎತ್ತರದವರೆಗೆ ತುಂಬಿದಾಗ ಅದರಲ್ಲಿರುವುದು ಎಂಟನೆಯ ಒಂದು ಭಾಗ ಮಾತ್ರ. 185ರಿಂದ 186ಕ್ಕೆ ಏರುವ ಕಡೆಯ ಒಂದು ಅಡಿಗೆ ಸುಮಾರು 1.15 ಟಿಎಂಸಿ, ಅಂದರೆ ಮೊದಲ ಊಹೆಯ ಮೂರು ಪಾಲು ನೀರು ಬೇಕಾಗುತ್ತದೆ. ಭದ್ರಾ ಕಣಿವೆ ಶಂಕುವೂ ಅಲ್ಲ. ತೊಟ್ಟಿಯ ಊಹೆ, ಶಂಕುವಿನ ಊಹೆ, ಪತ್ರಿಕೆಯಲ್ಲಿ ಬಂದ ನಿಜದ ಮಟ್ಟ, ಈ ಮೂರನ್ನೂ ಒಂದೇ ನಕ್ಷೆಯ ಮೇಲೆ ಎಳೆಸಬೇಕು. ಜಲಾಶಯ ತುಂಬುವ ದಿನಗಳು ಹತ್ತಿರವಾದಂತೆ ಮಟ್ಟ ಏಕೆ ನಿಧಾನವಾಗಿ ಏರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಇದೇ ಮಾದರಿಯನ್ನು ಚೌಕಗಳನ್ನು ಜೋಡಿಸಿ ಕಟ್ಟಬೇಕೆಂದರೆ ಸೈಲ್ಯಾಬ್‌ನೊಡನೆ ಬರುವ ಎಕ್ಸ್‌ಕಾಸ್ ಇದೆ. ಒಳಹರಿವಿನ ಚೌಕ, ಹೊರಹರಿವಿನ ಚೌಕ, ನಡುವೆ ಅನುಕಲನದ ಚೌಕ. ಪ್ರೋಗ್ರಾಮ್ ಬರೆಯಲು ಹೆದರುವವರಿಗೆ ಇದು ಅನುಕೂಲ.

ಎರಡನೆಯ ಮಾದರಿ: ಕೊಳೆಔಷಧಿ ಮತ್ತು ಮಳೆ

ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಇಲ್ಲಿನ ಪ್ರತಿ ಮನೆಗೂ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮುನ್ನ ಮೊದಲ ಬಾರಿ, ಅನಂತರ 40ರಿಂದ 45 ದಿನಗಳಿಗೆ ಎರಡನೆಯ ಬಾರಿ, ಮಳೆ ಮುಂದುವರಿದರೆ ಮತ್ತೊಮ್ಮೆ ಎಂಬುದು ರೂಢಿಯ ಶಿಫಾರಸು. ಎರಡನೆಯ ಬಾರಿಯ ದಿನ ಗೊತ್ತುಮಾಡುವುದೇ ಕಷ್ಟ. ಹೊಳವು ಸಿಗಬೇಕು, ಮರ ಹತ್ತುವವರು ಸಿಗಬೇಕು.

ಕೊನೆಯ ಮೇಲೆ ಅಂಟಿಕೊಂಡ ತುತ್ತ ಮಳೆಗೆ ತೊಳೆದುಹೋಗುವುದನ್ನು ಘಾತೀಯ ಇಳಿಕೆ ಎಂದು ಭಾವಿಸುವುದು ಅತ್ಯಂತ ಸರಳ ಮಾದರಿ. ತರಗತಿಯ ಲೆಕ್ಕಕ್ಕಾಗಿ 15 ದಿನಕ್ಕೆ ಅರ್ಧವಾಗುತ್ತದೆಂದು ಇಟ್ಟುಕೊಳ್ಳೋಣ. ಇದು ಅಳೆದು ಕಂಡುಕೊಂಡ ಅಂಕಿಯಲ್ಲ, ಬರಿಯ ಊಹೆ. ಆಗ 45 ದಿನಗಳ ಬಳಿಕ ಉಳಿಯುವುದು ಎಂಟನೆಯ ಒಂದು ಭಾಗ, ಶೇಕಡಾ 12.5. ಜಿಯೋಜೀಬ್ರಾದಲ್ಲಿ ಈ ವಕ್ರರೇಖೆಯನ್ನು ಎಳೆದು, ಅರ್ಧಾವಧಿಯನ್ನು ಒಂದು ಸ್ಲೈಡರಿಗೆ ಜೋಡಿಸಿದರೆ, ಬೆರಳನ್ನು ಸರಿಸಿದಂತೆ ರೇಖೆ ಬಾಗುವುದು ಕಾಣುತ್ತದೆ. ಸ್ಥಿರಾಂಕವನ್ನು ಬದಲಿಸಿದರೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಸುಲಭದ ಸಾಧನವಿಲ್ಲ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಆರಂಭಿಸಿದ ಈ ತಂತ್ರಾಂಶ ಮೊಬೈಲಿನಲ್ಲಿಯೂ ಅಂತರ್ಜಾಲದ ಹಂಗಿಲ್ಲದೆ ನಡೆಯುತ್ತದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೆ ಇದು ಅಪರಿಚಿತವೇನಲ್ಲ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ 2011ರಿಂದ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಜಿಯೋಜೀಬ್ರಾ ಪ್ರಮುಖ ಸಾಧನವಾಗಿತ್ತು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದ ಗಣಿತ ಪಾಠಗಳೂ ಇವೆ.

ಇಲ್ಲಿ ವಿದ್ಯಾರ್ಥಿಯೇ ಎತ್ತಬೇಕಾದ ಆಕ್ಷೇಪಣೆಯೊಂದಿದೆ. ತುತ್ತವನ್ನು ತೊಳೆಯುವುದು ದಿನವೇ, ಮಳೆಯೇ? ಆಗುಂಬೆಯ ಕಡೆಗಿರುವ ಶೃಂಗೇರಿಯ ತೋಟಕ್ಕೂ ಪೂರ್ವದಲ್ಲಿರುವ ನರಸಿಂಹರಾಜಪುರದ ತೋಟಕ್ಕೂ ಒಂದೇ ತಿಂಗಳಲ್ಲಿ ಬೀಳುವ ಮಳೆ ಒಂದೇ ಅಲ್ಲ. ಆದುದರಿಂದ ಅಡ್ಡರೇಖೆಯ ಮೇಲೆ ದಿನಗಳ ಬದಲು ಮಳೆಯ ಮಿಲಿಮೀಟರ್‌ಗಳನ್ನು ಇಡಬೇಕು. ಸಮೀಕರಣದ ರೂಪ ಕಿಂಚಿತ್ತೂ ಬದಲಾಗುವುದಿಲ್ಲ, ಅರ್ಥ ಮಾತ್ರ ಬದಲಾಗುತ್ತದೆ. ಮನೆಯಂಗಳದಲ್ಲಿ ಮಳೆಮಾಪಕವಿಟ್ಟು ವರ್ಷಗಟ್ಟಲೆ ದಾಖಲೆ ಬರೆದಿಡುವ ಬೆಳೆಗಾರರು ಮಲೆನಾಡಿನಲ್ಲಿ ಅಪರೂಪವಲ್ಲ. ಆ ನೋಟ್‌ಬುಕ್ಕುಗಳು ತರಗತಿಗೆ ಬರಲಿ. ಚರಾಕ್ಷರದ ಈ ಬದಲಾವಣೆಯನ್ನು ಯಾವ ತಂತ್ರಾಂಶವೂ ತಾನಾಗಿ ಸೂಚಿಸುವುದಿಲ್ಲ.

ಇದೇ ಮಾದರಿಯಲ್ಲಿ ಇನ್ನೊಂದು ಪಾಠವನ್ನೂ ಕಲಿಸಬಹುದು. ಇದನ್ನು ಬಿಡಬಾರದೆಂಬುದು ಈ ಲೇಖನದ ಒತ್ತಾಯ. ಅವಕಲ ಸಮೀಕರಣವನ್ನು ಆಯ್ಲರನ ವಿಧಾನದಿಂದ ಬಿಡಿಸುವಾಗ ಹೆಜ್ಜೆಯ ಅಳತೆಯನ್ನು ನಾವೇ ಆರಿಸಿಕೊಳ್ಳುತ್ತೇವೆ. ಮೇಲಿನ ಲೆಕ್ಕದಲ್ಲಿ ಇಳಿಕೆಯ ಸ್ಥಿರಾಂಕ ದಿನಕ್ಕೆ 0.0462. ಒಂದೊಂದು ದಿನದ ಹೆಜ್ಜೆಯಿಟ್ಟರೆ 45 ದಿನಗಳ ಕೊನೆಗೆ ಶೇಕಡಾ 11.9 ಎಂದು ಉತ್ತರ ಬರುತ್ತದೆ. ನಿಜವಾದ 12.5ಕ್ಕೆ ಅದು ಸಮೀಪ. ಐದು ದಿನದ ಹೆಜ್ಜೆಯಾದರೆ 9.4. ಹದಿನೈದು ದಿನದ ಹೆಜ್ಜೆಯಾದರೆ 2.9. ನಲವತ್ತೈದು ದಿನಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿದರೆ ಋಣ 108! ಹೊಡೆದ ತುತ್ತಕ್ಕಿಂತ ಹೆಚ್ಚು ತುತ್ತ ಕೊನೆಯಿಂದ ತೊಳೆದುಹೋಯಿತೆಂದು ಯಂತ್ರ ಹೇಳುತ್ತದೆ, ಯಾವ ಸಂಕೋಚವೂ ಇಲ್ಲದೆ. ಈ ನಾಲ್ಕು ಅಂಕಿಗಳನ್ನು ವಿದ್ಯಾರ್ಥಿ ಸ್ಪ್ರೆಡ್‌ಶೀಟಿನಲ್ಲಿ ಸ್ವತಃ ಪಡೆಯಬೇಕು. ಪರದೆಯ ಮೇಲೆ ಬಂದುದೆಲ್ಲ ಉತ್ತರವೆಂಬ ನಂಬಿಕೆ ಆ ದಿನ ಅಲುಗಾಡುತ್ತದೆ.

ಮೂರನೆಯ ಮಾದರಿ: ಮಂಗನ ಕಾಯಿಲೆ

ಗಣಿತ ಮಾದರಿಯ ಪುಸ್ತಕಗಳಲ್ಲಿ ಸಾಂಕ್ರಾಮಿಕ ರೋಗದ ಅಧ್ಯಾಯ ಇದ್ದೇ ಇರುತ್ತದೆ. ಕೆರ್ಮಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಮಂಡಿಸಿದ ಮಾದರಿಯು ಜನರನ್ನು ಮೂರು ಗುಂಪು ಮಾಡುತ್ತದೆ: ರೋಗ ತಗುಲಬಹುದಾದವರು, ತಗುಲಿದವರು, ಚೇತರಿಸಿಕೊಂಡವರು ಅಥವಾ ತೀರಿಹೋದವರು. ಮೂರು ಅವಕಲ ಸಮೀಕರಣಗಳು. ಕೈಲೆಕ್ಕದಲ್ಲಿ ಇವನ್ನು ನೇರವಾಗಿ ಬಿಡಿಸಿ ಮುಗಿಸಲಾಗದು. ಸಾಂಖ್ಯಿಕ ತಂತ್ರಾಂಶ ನಿಜವಾಗಿ ಬೇಕಾಗುವುದು ಇಲ್ಲಿಂದ.

ಸೈಲ್ಯಾಬ್, ಆಕ್ಟೇವ್, ಪೈಥಾನ್ ಮೂರರಲ್ಲಿಯೂ ಈ ಕೆಲಸಕ್ಕೆ ಸಿದ್ಧ ಆದೇಶಗಳಿವೆ. ಹತ್ತು ಹದಿನೈದು ಸಾಲು ಬರೆದರೆ ಪುಸ್ತಕದಲ್ಲಿರುವಂಥದೇ ವಕ್ರರೇಖೆ ಮೂಡುತ್ತದೆ. ಈಗ ವಿದ್ಯಾರ್ಥಿಗೆ ತನ್ನ ಊರಿನ ರೋಗವನ್ನು ಕೊಡಿ. ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟಿತು. 2024ರ ಆರಂಭದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಈ ಭಾಗದಲ್ಲಿಯೂ ಕಾಣಿಸಿಕೊಂಡು ಜೀವಹಾನಿಯಾಯಿತು. ಅವಸರದ ವಿದ್ಯಾರ್ಥಿ ಪುಸ್ತಕದ ಮೂರು ಸಮೀಕರಣಗಳನ್ನೇ ತೆಗೆದುಕೊಂಡು, ತಾಲ್ಲೂಕಿನ ಜನಸಂಖ್ಯೆಯನ್ನು ತುಂಬಿ, ಸುಂದರವಾದ ನಕ್ಷೆಯನ್ನು ತಂದು ತೋರಿಸುತ್ತಾನೆ. ನಕ್ಷೆ ಆರಂಭದಿಂದ ಕೊನೆಯವರೆಗೆ ತಪ್ಪು.

ಏಕೆಂದರೆ ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅದನ್ನು ಸಾಗಿಸುವುದು ಉಣುಗು. ಕಾಡಿನ ಮಂಗಗಳಲ್ಲಿ ರೋಗಾಣು ಹೆಚ್ಚುತ್ತದೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಅಲ್ಲಿಯೇ ಸುತ್ತಮುತ್ತ ಉದುರುತ್ತವೆ. ದರಗು, ಸೌದೆ ತರಲು ಕಾಡಿಗೆ ಹೋದವರಿಗೆ ಕಚ್ಚುತ್ತವೆ. ಮನುಷ್ಯನಲ್ಲಿಗೆ ಬಂದ ರೋಗಕ್ಕೆ ಮುಂದಿನ ದಾರಿಯಿಲ್ಲ. ಆದುದರಿಂದ ರೋಗಿಗಳ ಸಂಖ್ಯೆಯನ್ನು ಆರೋಗ್ಯವಂತರ ಸಂಖ್ಯೆಯಿಂದ ಗುಣಿಸುವ ಪದ, ಪುಸ್ತಕದ ಮಾದರಿಯ ಹೃದಯವೇ ಆದದ್ದು, ಇಲ್ಲಿ ಇರಲೇಬಾರದು. ಅದರ ಸ್ಥಾನದಲ್ಲಿ ಸೋಂಕಿತ ಉಣುಗುಗಳ ಸಂಖ್ಯೆ ಬರಬೇಕು. ಆ ಸಂಖ್ಯೆ ಋತುಮಾನಕ್ಕೆ ತಕ್ಕಂತೆ ಏರಿಳಿಯಬೇಕು. ಉಣುಗಿನ ಮರಿಗಳು ಚುರುಕಾಗಿರುವುದು ಮಳೆ ನಿಂತ ಬಳಿಕ, ಸ್ಥೂಲವಾಗಿ ನವೆಂಬರ್, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ರೋಗದ ಕಾಲವೂ ಅದೇ.

ಇದರ ಪರಿಣಾಮ ಕಾಗದಕ್ಕೆ ಸೀಮಿತವಲ್ಲ. ಪುಸ್ತಕದ ಮಾದರಿಯನ್ನು ನಂಬಿದರೆ ರೋಗಿಯನ್ನು ಮನೆಯವರಿಂದ ದೂರವಿಡುವುದು ನಿಯಂತ್ರಣದ ಉಪಾಯವಾಗಿ ತೋರುತ್ತದೆ. ತಿದ್ದಿದ ಮಾದರಿ ಹೇಳುವುದು ಬೇರೆ: ಸತ್ತ ಮಂಗದ ಸುದ್ದಿ ಬೇಗ ತಲುಪಬೇಕು, ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಮೈಗೆ ಲೇಪ ಹಚ್ಚಿಕೊಳ್ಳಬೇಕು. ಯಾವ ಸಮೀಕರಣ ಬರೆದೆವೆಂಬುದರ ಮೇಲೆ ಯಾವ ಸಲಹೆ ಕೊಡುತ್ತೇವೆಂಬುದು ನಿಂತಿದೆ. ಸೈಲ್ಯಾಬ್ ಆಗಲಿ, ಲಕ್ಷಾಂತರ ರೂಪಾಯಿಯ ವಾಣಿಜ್ಯ ತಂತ್ರಾಂಶವಾಗಲಿ, ತಪ್ಪು ಮಾದರಿಯನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸಿಕೊಡುತ್ತದೆ.

ಮೂರರಲ್ಲಿ ಯಾವುದು?

ಆಕ್ಟೇವ್‌ನ ಹುಟ್ಟಿನ ಕಥೆ ಅಧ್ಯಾಪಕರಿಗೆ ಪ್ರಿಯವಾಗಬಹುದು. ಅಮೆರಿಕದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫೋರ್ಟ್ರಾನ್ ಪ್ರೋಗ್ರಾಮಿನ ತಪ್ಪು ಹುಡುಕುವುದರಲ್ಲಿಯೇ ಕಾಲ ಕಳೆದು, ವಿಷಯ ಕಲಿಯಲು ಸಮಯವಿಲ್ಲದಂತಾದಾಗ, ಅವರ ಅನುಕೂಲಕ್ಕೆಂದು ಇದನ್ನು ಯೋಜಿಸಲಾಯಿತು. ಜಾನ್ ಈಟನ್ 1992ರಲ್ಲಿ ಪೂರ್ಣಪ್ರಮಾಣದಲ್ಲಿ ಬರೆಯಲಾರಂಭಿಸಿ, 1994ರಲ್ಲಿ ಮೊದಲ ಆವೃತ್ತಿ ಹೊರತಂದರು. ಹೆಸರು ಸಂಗೀತದ ಸಪ್ತಕಕ್ಕೆ ಸಂಬಂಧಿಸಿದ್ದಲ್ಲ. ಅವರ ಗುರು, ಆಕ್ಟೇವ್ ಲೆವೆನ್‌ಸ್ಪೀಲ್ ಅವರದು. ಮ್ಯಾಟ್‌ಲ್ಯಾಬ್‌ಗಾಗಿ ಬರೆದ ಪ್ರೋಗ್ರಾಮುಗಳು ಅಲ್ಪಸ್ವಲ್ಪ ತಿದ್ದುಪಡಿಯೊಡನೆ ಇದರಲ್ಲಿ ನಡೆಯುತ್ತವೆ. ಗ್ರಂಥಾಲಯದಲ್ಲಿ ಈಗಾಗಲೇ ಮ್ಯಾಟ್‌ಲ್ಯಾಬ್ ಆಧಾರಿತ ಪುಸ್ತಕಗಳಿದ್ದರೆ ಆಕ್ಟೇವ್ ಆರಿಸುವುದು ಜಾಣತನ. ಹಳೆಯ ಯಂತ್ರಗಳಿಗೂ ಇದು ಹೆಚ್ಚು ಭಾರವಾಗದು.

ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳಲ್ಲಿ ಬೆಳೆದ ಸೈಲ್ಯಾಬ್ ಕೂಡ 1994ರಲ್ಲಿಯೇ ಸಾರ್ವಜನಿಕರಿಗೆ ದೊರೆಯಿತು. ಮ್ಯಾಟ್‌ಲ್ಯಾಬ್‌ಗೆ ಹತ್ತಿರದ ಭಾಷೆಯಾದರೂ ಅದೇ ಭಾಷೆಯಲ್ಲ. ಇದರ ದೊಡ್ಡ ಅನುಕೂಲ ಭಾರತದಲ್ಲಿ ಇದಕ್ಕಿರುವ ಬೆಂಬಲ. ಮುಂಬಯಿ ಐಐಟಿಯ ಫಾಸ್ಸಿ ಯೋಜನೆಯು ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಪಠ್ಯಪುಸ್ತಕಗಳ ಉದಾಹರಣೆ ಲೆಕ್ಕಗಳನ್ನು ಸೈಲ್ಯಾಬ್‌ನಲ್ಲಿ ಬಿಡಿಸಿ ಉಚಿತವಾಗಿ ಒದಗಿಸಿದೆ. ಅಲ್ಲಿನದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಕಿರುಪಾಠಗಳಲ್ಲಿ ಕನ್ನಡ ಧ್ವನಿಯ ಪಾಠಗಳೂ ಇವೆ. ಅವನ್ನು ಇಳಿಸಿಟ್ಟುಕೊಂಡು ಅಂತರ್ಜಾಲವಿಲ್ಲದೆಯೂ ತೋರಿಸಬಹುದು. ಇಂಗ್ಲಿಷ್ ಮಾಧ್ಯಮದ ಪುಸ್ತಕದೆದುರು ತಡವರಿಸುವ ವಿದ್ಯಾರ್ಥಿಗೆ ಇದು ಸಣ್ಣ ಸಹಾಯವಲ್ಲ. ತೊಡಕೆಂದರೆ ಇದರ ನಕ್ಷೆಗಳಿಗೆ ಯಂತ್ರದ ಚಿತ್ರಸಾಮರ್ಥ್ಯ ಚೆನ್ನಾಗಿರಬೇಕು. ಪ್ರಯೋಗಾಲಯದ ಅತ್ಯಂತ ಹಳೆಯ ಯಂತ್ರದಲ್ಲಿ ಮೊದಲು ಒಂದು ನಕ್ಷೆ ಎಳೆಸಿ ನೋಡಿ, ಅನಂತರ ಉಳಿದವುಗಳಿಗೆ ಹಾಕುವುದು ಲೇಸು.

ಪೈಥಾನ್ ಇಂದು ಎಲ್ಲರ ಬಾಯಲ್ಲಿದೆ. 1991ರಲ್ಲಿ ಹೊರಬಂದ ಈ ಭಾಷೆ ಗಣಿತಕ್ಕೆಂದೇ ಹುಟ್ಟಿದ್ದಲ್ಲ. ನಂಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಜೋಡಣೆಗಳಿಂದ ಅದಕ್ಕೆ ಆ ಸಾಮರ್ಥ್ಯ ಬಂದಿದೆ. ಓದು ಮುಗಿಸಿ ಹೊರಗೆ ಕೆಲಸ ಹುಡುಕುವವರಿಗೆ ಇದರ ಪ್ರಯೋಜನ ಉಳಿದೆರಡಕ್ಕಿಂತ ಹೆಚ್ಚೆಂಬುದನ್ನು ಅಲ್ಲಗಳೆಯಲಾಗದು. ಆದರೆ ವಾರಕ್ಕೊಂದೇ ಪ್ರಾಯೋಗಿಕ ಅವಧಿಯಿರುವ ತರಗತಿಯಲ್ಲಿ, ಸಾಲಿನ ಆರಂಭದ ಖಾಲಿ ಜಾಗ ತಪ್ಪಿದ್ದಕ್ಕೆ ಪ್ರೋಗ್ರಾಮ್ ನಿಂತು, ಅರ್ಧ ಸಮಯ ಅದರಲ್ಲಿಯೇ ಕಳೆದರೆ, ಫೋರ್ಟ್ರಾನ್ ಕಾಲದ ವಿದ್ಯಾರ್ಥಿಗಳ ಸ್ಥಿತಿ ಮರುಕಳಿಸಿದಂತೆಯೇ. ಪೈಥಾನನ್ನು ಬೇರೆ ಪತ್ರಿಕೆಯಲ್ಲಿ ಮೊದಲೇ ಕಲಿತಿರುವ ತರಗತಿಯಾದರೆ ಈ ಆಕ್ಷೇಪಣೆ ಬಿದ್ದುಹೋಗುತ್ತದೆ. ಬ್ರೌಸರಿನಲ್ಲಿಯೇ ಪೈಥಾನ್ ನಡೆಸಬಹುದಾದ ಗೂಗಲ್‌ನ ಕೊಲಾಬ್ ಚೆನ್ನಾಗಿದೆ. ಗಾಳಿಮಳೆಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಜುಲೈ ತಿಂಗಳಲ್ಲಿ ಅದನ್ನು ನೆಚ್ಚಿ ವೇಳಾಪಟ್ಟಿ ಹಾಕುವುದು ತರವಲ್ಲ.

ಸಂಕೇತಗಳಲ್ಲಿಯೇ ಲೆಕ್ಕ ಮಾಡಿ ಸೂತ್ರರೂಪದ ಉತ್ತರ ಕೊಡುವುದು ಮ್ಯಾಕ್ಸಿಮಾ. ಎಂಐಟಿಯಲ್ಲಿ 1960ರ ದಶಕದ ಕೊನೆಗೆ ಆರಂಭವಾದ ಮ್ಯಾಕ್‌ಸಿಮಾ ತಂತ್ರಾಂಶದ ವಂಶಜ ಇದು. ವಿಲಿಯಂ ಶೆಲ್ಟರ್ ಅದನ್ನು ವರ್ಷಗಳ ಕಾಲ ಒಬ್ಬರೇ ಕಾಪಾಡಿ, 1998ರಲ್ಲಿ ಮುಕ್ತ ಪರವಾನಗಿಯಡಿ ಹಂಚಲು ಅನುಮತಿ ಪಡೆದರು. ತುತ್ತದ ಮಾದರಿಯಲ್ಲಿ 12.5 ಎಂಬ ನಿಖರ ಉತ್ತರ ಎಲ್ಲಿಂದ ಬಂತೆಂದು ತೋರಿಸಲು ಇದು ಸೂಕ್ತ. ಸಂಖ್ಯಾಶಾಸ್ತ್ರ ಪ್ರಧಾನವಾದ ಮಾದರಿಗಳಿಗೆ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಹುಟ್ಟಿದ ಆರ್ ಇದೆ. ಮಳೆಯ ದಾಖಲೆಗಳನ್ನು ವಿಶ್ಲೇಷಿಸುವ ಯೋಜನಾಕಾರ್ಯಕ್ಕೆ ಅದನ್ನು ಪರಿಗಣಿಸಬಹುದು.

ಒಬ್ಬ ಅಧ್ಯಾಪಕರು ಇವೆಲ್ಲವನ್ನೂ ಕಲಿಸಹೊರಟರೆ ಯಾವುದೂ ನಿಲ್ಲುವುದಿಲ್ಲ. ಮೊದಲ ಸೆಮಿಸ್ಟರಿಗೆ ಕ್ಯಾಲ್ಕ್ ಮತ್ತು ಜಿಯೋಜೀಬ್ರಾ. ಅವಕಲ ಸಮೀಕರಣಗಳು ಬರುವ ಸೆಮಿಸ್ಟರಿಗೆ ಸೈಲ್ಯಾಬ್ ಅಥವಾ ಆಕ್ಟೇವ್‌ನಲ್ಲಿ ಒಂದು ಮಾತ್ರ. ತರಗತಿಗೆ ಪೈಥಾನ್ ಆಗಲೇ ಬಂದಿದ್ದರೆ ಅದೊಂದೇ. ಕನ್ನಡ ಪಾಠಗಳ ಕಾರಣಕ್ಕೆ ಈ ಲೇಖಕನ ಒಲವು ಸೈಲ್ಯಾಬ್ ಕಡೆಗೆ. ವಿಶ್ವವಿದ್ಯಾನಿಲಯದ ಪ್ರಾಯೋಗಿಕ ಪರೀಕ್ಷೆಯಲ್ಲಿ ಯಾವ ತಂತ್ರಾಂಶಕ್ಕೆ ಅವಕಾಶವಿದೆ ಎಂಬುದನ್ನು ಆ ವರ್ಷದ ಪಠ್ಯಕ್ರಮದಲ್ಲಿ ನೋಡಿಯೇ ನಿರ್ಧರಿಸಬೇಕು.

ಅನುಸ್ಥಾಪನೆಯ ಕಡತಗಳನ್ನು ರಜೆಯಲ್ಲಿಯೇ ಇಳಿಸಿಕೊಂಡು, ಆವೃತ್ತಿಯ ಸಂಖ್ಯೆಯನ್ನು ಬರೆದಿಟ್ಟು, ಎಲ್ಲ ಯಂತ್ರಗಳಿಗೂ ಒಂದೇ ಆವೃತ್ತಿಯನ್ನು ಹಾಕಬೇಕು. ವಿದ್ಯಾರ್ಥಿಗಳಿಗೆ ಹಂಚಲು ಅದೇ ಕಡತಗಳ ಜೊತೆ ಕನ್ನಡದ ಕಿರುಪಾಠಗಳನ್ನೂ ಭದ್ರಾ ಜಲಾಶಯದ ಒಂದು ಮಳೆಗಾಲದ ಅಂಕಿಗಳನ್ನೂ ಒಂದು ಪೆನ್ ಡ್ರೈವಿನಲ್ಲಿ ಇಟ್ಟರಾಯಿತು. ಅಂಕಿಗಳನ್ನು ಯಾವ ತಂತ್ರಾಂಶವಾದರೂ ಓದಬಲ್ಲ ಸಿಎಸ್‌ವಿ ರೂಪದಲ್ಲಿ ಉಳಿಸಿರಬೇಕು. ಒಳಹರಿವು, ಹೊರಹರಿವು, ಮಟ್ಟ ಎಂಬ ಮೂರು ಕಂಬಸಾಲುಗಳೊಡನೆ ದಿನಾಂಕದ ಒಂದು ಸಾಲಿದ್ದರೆ ಸಾಕು.